ಬಕೆಟ್ ಇಳಿಯುತ್ತಿದೆ ಅಂತ ಮೊದಲು ಜಾಕ್ ಬಿಚ್ಚಬೇಡಿ

"ಜಾಕ್ ಸೀಲ್ ಹೋಗಿದೆ, ಹೊಸದು ಹಾಕಿ ಕೊಡಿ." ಹಳೇ ಟ್ರ್ಯಾಕ್ಟರ್‌ಗೆ ಮುಂದೆ ಲೋಡರ್ ಕೂರಿಸಿಕೊಂಡವರು ನಮ್ಮ ವರ್ಕ್‌ಶಾಪ್‌ಗೆ ಬಂದು ಹೇಳುವ ಮೊದಲ ಮಾತೇ ಇದು. ಜಾಕ್ ಅಂದರೆ ಎಣ್ಣೆಯ ಒತ್ತಡದಿಂದ ಬಕೆಟ್ ಎತ್ತುವ ಹೈಡ್ರಾಲಿಕ್ ಸಿಲಿಂಡರ್. ಏನು ತೊಂದರೆ ಅಂತ ಕೇಳಿದರೆ ಉತ್ತರವೂ ಒಂದೇ. ಬಕೆಟ್ ಎತ್ತಿ ಲಿವರ್ ಬಿಟ್ಟರೆ ನಿಲ್ಲುವುದಿಲ್ಲ, ತಾನಾಗೇ ಮೆಲ್ಲಗೆ ಇಳಿಯುತ್ತದೆ. ಜಾಕ್ ಹೊರಗಡೆ ಒಂದು ಹನಿ ಎಣ್ಣೆಯೂ ಕಾಣುವುದಿಲ್ಲ. ಹಾಗಾಗಿ ಒಳಗಿನ ಪಿಸ್ಟನ್ ಸೀಲೇ ಹೋಗಿರಬೇಕು ಅಂತ ಯಾರೋ ಹೇಳಿರುತ್ತಾರೆ, ಇವರು ನಂಬಿರುತ್ತಾರೆ.

ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಲೋಡರ್ ಎತ್ತುವ ಜಾಕ್‌ನಲ್ಲಿ ಎಣ್ಣೆಗೆ ಎರಡು ಕೋಣೆ. ಪಿಸ್ಟನ್ನಿನ ಕೆಳಗೆ ಒಂದು, ರಾಡ್ (ಪಿಸ್ಟನ್ನಿಗೆ ಕೂಡಿದ, ಒಳಗೆ ಹೊರಗೆ ಓಡಾಡುವ ಉಕ್ಕಿನ ಕೋಲು) ಇರುವ ಕಡೆ ಇನ್ನೊಂದು. ಲಿವರ್ ನಡುವೆ ನಿಂತಾಗ ಎರಡೂ ಕೋಣೆಯ ದಾರಿಯನ್ನು ಕಂಟ್ರೋಲ್ ವಾಲ್ವ್ ಮುಚ್ಚುತ್ತದೆ. ಈಗ ಪಿಸ್ಟನ್ ಸೀಲ್ ಪೂರ್ತಿ ಹಾಳಾಗಿದೆ ಅಂತಲೇ ಇಟ್ಟುಕೊಳ್ಳಿ. ಎಣ್ಣೆ ಕೆಳಗಿನ ಕೋಣೆಯಿಂದ ಮೇಲಿನ ಕೋಣೆಗೆ ಆರಾಮಾಗಿ ಹೋಗಬಹುದು. ಆದರೆ ಬಕೆಟ್ ಇಳಿಯಬೇಕಾದರೆ ರಾಡ್ ಜಾಕ್ ಒಳಗೆ ಬರಬೇಕು, ಅಲ್ವಾ? ರಾಡ್‌ಗೆ ಜಾಗ ಎಲ್ಲಿದೆ? ಕಂಠದವರೆಗೆ ತುಂಬಿದ ಕೊಡದಲ್ಲಿ ಕೈ ಅದ್ದಿ ನೋಡಿ. ಕೈ ಇಳಿದಷ್ಟೂ ನೀರು ಹೊರಗೆ ಚೆಲ್ಲಲೇಬೇಕು. ಇಲ್ಲೂ ಅಷ್ಟೇ. ರಾಡ್ ಒಳಗೆ ಬಂದಷ್ಟು ಎಣ್ಣೆ ಜಾಕ್ ಬಿಟ್ಟು ಹೊರಗೆ ಹೋಗಬೇಕು. ಹೊರಗಡೆ ಹನಿ ಇಲ್ಲ ಅಂತ ನೀವೇ ಹೇಳುತ್ತೀರಿ. ಹಾಗಾದರೆ ಅದು ಹೋಗುತ್ತಿರುವುದು ಹೋಸ್ ಪೈಪ್ ಮೂಲಕ ಕಂಟ್ರೋಲ್ ವಾಲ್ವ್‌ಗೆ, ಅಲ್ಲಿಂದ ಟ್ಯಾಂಕ್‌ಗೆ. ಬೇರೆ ದಾರಿಯೇ ಇಲ್ಲ.

ಸೀಲ್‌ಗೆ ಇದರಲ್ಲಿ ಪಾಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸೀಲ್ ಹೋದರೆ ಎರಡೂ ಕೋಣೆ ಒಂದಾಗುತ್ತವೆ. ಇಡೀ ಭಾರವನ್ನು ರಾಡ್‌ನ ದಪ್ಪದಷ್ಟು ಜಾಗವೇ ಹೊರಬೇಕಾಗುತ್ತದೆ. 63 ಮಿಲಿಮೀಟರ್ ಬೋರ್ (ಒಳಗಿನ ಅಡ್ಡಳತೆ), 35 ಮಿಲಿಮೀಟರ್ ರಾಡ್ ಇರುವ ಜಾಕ್‌ನಲ್ಲಿ ಇದರಿಂದ ಒತ್ತಡ ಮೂರು ಪಟ್ಟಿಗಿಂತ ಜಾಸ್ತಿ ಆಗುತ್ತದೆ. 60 ಬಾರ್ ಇದ್ದದ್ದು 190 ದಾಟಬಹುದು. ಆಗ ಸವೆದ ವಾಲ್ವ್ ಇನ್ನೂ ಜೋರಾಗಿ ಸೋರುತ್ತದೆ, ಹಳೇ ಹೋಸ್ ಒಡೆಯಲೂಬಹುದು. ಅಂದರೆ ಸೀಲ್ ಹಾಕಿದರೆ ಇಳಿಯುವುದು ನಿಧಾನವಾಗಬಹುದು, ನಿಲ್ಲುವುದಿಲ್ಲ. ಬಕೆಟ್ ಮಗುಚುವ ಜಾಕ್‌ನಲ್ಲಿ ಭಾರ ರಾಡನ್ನು ಹೊರಗೆ ಎಳೆಯುವ ಹಾಗಿದ್ದರೆ ಲೆಕ್ಕ ಬೇರೆ, ಅಲ್ಲಿ ಸೀಲನ್ನು ಅನುಮಾನಿಸಲೇಬೇಕು. ಟ್ರೇಲರ್ ಎತ್ತುವ ಜಾಕ್ ಕೂಡ ಬೇರೆ. ನಾನು ಹೇಳುತ್ತಿರುವುದು ಲೋಡರ್ ಎತ್ತುವ ಎರಡು ಪೈಪಿನ ಜಾಕ್ ಬಗ್ಗೆ.

ಚನ್ನಗಿರಿ ಕಡೆಯ ಅಡಿಕೆ ತೋಟದವರೊಬ್ಬರು ಎರಡು ಜಾಕನ್ನೂ ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ಬಂದಿದ್ದರು. "ಅಣ್ಣಾ, ಎರಡು ಸಲ ಕಂಪನಿ ಸೀಲೇ ಹಾಕ್ಸಿದೀನಿ. ಒಂದು ವಾರ ಸುಮಾರಾಗಿರುತ್ತೆ, ಆಮೇಲೆ ಮತ್ತೆ ಅದೇ." ಬಿಚ್ಚಿ ನೋಡಿದೆ. ಸೀಲ್ ಹೊಸದರ ಹಾಗೇ ಇತ್ತು. ವಾಲ್ವ್ ತನ್ನಿ ಅಂದೆ. "ವಾಲ್ವ್ ಚೆನ್ನಾಗೇ ಇದೆ, ಎಲ್ಲೂ ಸೋರಲ್ಲ" ಅಂದರು. ಆದರೂ ಮಾರನೇ ದಿನ ತಂದರು ಪಾಪ. ವಾಲ್ವ್ ಒಳಗೆ ಜಾರಾಡಿ ಎಣ್ಣೆಯ ದಾರಿ ತೆರೆದು ಮುಚ್ಚುವ ಕೋಲು, ಅಂದರೆ ಸ್ಪೂಲನ್ನು, ಹೊರಗೆ ತೆಗೆದು ಒರೆಸಿ, ಬೆಳಕಿಗೆ ಹಿಡಿದು ತೋರಿಸಿದೆ. ಹೊಳೆಯುವ ಉಕ್ಕಿನ ಮೇಲೆ ಉದ್ದಕ್ಕೂ ಗೀರುಗಳು. ಅವರೇ ಉಗುರು ಆಡಿಸಿ ನೋಡಿದರು, ಉಗುರು ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಅವರು ಜಾಸ್ತಿ ಮಾತಾಡಲಿಲ್ಲ. ಅಷ್ಟು ದುಡ್ಡು, ಕೆಲಸದ ಅಷ್ಟು ದಿನ ಸುಮ್ನೆ ಹೋಯಿತಲ್ಲ ಅಂತ ನನಗೂ ಸಂಕಟವಾಯಿತು.

ಸ್ಪೂಲ್ ಮತ್ತು ಅದರ ಬಾಡಿ ನಡುವೆ ಎಣ್ಣೆ ತಡೆಯಲು ರಬ್ಬರ್ ಏನೂ ಇಲ್ಲ. ಕಬ್ಬಿಣಕ್ಕೆ ಕಬ್ಬಿಣವೇ ಕೂತಿರುತ್ತದೆ. ಸಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ತುದಿಗಳಲ್ಲಿರುವ ಓ-ರಿಂಗ್ ಎಣ್ಣೆ ಹೊರಗೆ ಬಾರದಂತೆ ತಡೆಯುತ್ತದೆ, ಅಷ್ಟೇ. ಅದನ್ನು ಬದಲಿಸಿದರೂ ಬಕೆಟ್ ಇಳಿಯುವುದು ನಿಲ್ಲುವುದಿಲ್ಲ. ಸ್ಪೂಲ್ ಒಂದನ್ನೇ ಬದಲಿಸಲೂ ಆಗದು, ಬಾಡಿ ಜೊತೆ ಜೋಡಿಯಾಗಿ ಉಜ್ಜಿ ಕೂರಿಸಿದ್ದು ಅದು. ಸ್ಪೂಲ್, ಬಾಡಿ ಎರಡೂ ಸೇರಿದ ಆ ಸೆಕ್ಷನ್ನೇ ಬದಲಾಗಬೇಕು. ಹೊಸ ವಾಲ್ವ್‌ನಲ್ಲೂ ಕೊಂಚ ಸೋರಿಕೆ ಇದ್ದೇ ಇರುತ್ತದೆ. ಎತ್ತಿಟ್ಟ ಬಕೆಟ್ ಬೆಳಗಾಗುವಷ್ಟರಲ್ಲಿ ಸ್ವಲ್ಪ ಇಳಿದಿದ್ದರೆ ಅದು ಕಾಯಿಲೆ ಅಲ್ಲ. ರಾತ್ರಿ ಬಕೆಟ್ ನೆಲಕ್ಕೆ ಇಳಿಸಿಡಿ.

ಗೀರು ಬಿದ್ದದ್ದು ಎಣ್ಣೆಯಿಂದ. ನಮ್ಮ ಹಳೇ ಟ್ರ್ಯಾಕ್ಟರ್‌ಗಳಲ್ಲಿ ಬಹಳಷ್ಟಕ್ಕೆ ಗೇರ್‌ಗೂ ಹೈಡ್ರಾಲಿಕ್‌ಗೂ ಎಣ್ಣೆ ಒಂದೇ. ಗೇರ್ ಸವೆದ ಪುಡಿ ನೇರ ವಾಲ್ವ್‌ಗೆ ಬರುತ್ತದೆ. ಫಿಲ್ಟರ್, ಎಣ್ಣೆ ಬದಲಿಸದೆ ಹೊಸ ವಾಲ್ವ್ ಹಾಕಿದರೆ ಅದಕ್ಕೂ ಇದೇ ಗತಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ.

ದುಡ್ಡು ಖರ್ಚಾಗುವ ಮೊದಲು ಲಿವರ್ ನೋಡಿ. ಲಿಂಕ್ ಬಾಗಿದ್ದರೆ, ಸ್ಪ್ರಿಂಗ್ ಸೋತಿದ್ದರೆ ಸ್ಪೂಲ್ ಸರಿಯಾಗಿ ನಡುವಿಗೆ ಬರುವುದಿಲ್ಲ. ಕೈಯಿಂದ ನಡುವಿಗೆ ತಳ್ಳಿದಾಗ ಬಕೆಟ್ ನಿಂತರೆ ತೊಂದರೆ ಇರುವುದು ಅಲ್ಲೇ. ಇನ್ನೊಂದು ಗುರುತು ಇದೆ. ಎತ್ತಲು ಲಿವರ್ ಎಳೆದ ಕೂಡಲೇ ಬಕೆಟ್ ಒಂದಿಷ್ಟು ಕುಸಿದು ಆಮೇಲೆ ಏರುತ್ತದೆಯೇ? ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ, ವಾಲ್ವ್ ಒಳಗಿನ ಲೋಡ್ ಚೆಕ್‌ನಲ್ಲಿ ಕಸ ಕೂತಿರಬಹುದು. ತೊಳೆದು ಕೂರಿಸಿದರೆ ಹಲವು ಸಲ ಸರಿಹೋಗುತ್ತದೆ.

ಸೀಲ್ ಪರೀಕ್ಷೆಗೆ ಜಾಕ್ ಬಿಚ್ಚಬೇಕಿಲ್ಲ. ಲೋಡರ್ ಪೂರ್ತಿ ಎತ್ತಿ, ಎರಡೂ ತೋಳಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಎಂಜಿನ್ ನಿಲ್ಲಿಸಿ, ಲಿವರ್ ಆಡಿಸಿ ಒತ್ತಡ ಬಿಡಿಸಿ. ರಾಡ್ ಕಡೆಯ ಹೋಸ್ ತೆಗೆದು ಅದರ ಬಾಯಿಗೆ ಪ್ಲಗ್ ಹಾಕಿ. ಎಂಜಿನ್ ನಿಧಾನಕ್ಕೆ ಓಡಿಸಿ ಎತ್ತುವ ಕಡೆಗೆ ಲಿವರ್ ಎಳೆಯಿರಿ. ಜಾಕ್‌ನ ಬಾಯಿಂದ ಎಣ್ಣೆ ಬಿಡದೆ ಹರಿದರೆ ಸೀಲ್ ಹೋಗಿದೆ. ಮೊದಲು ನಾಲ್ಕು ಹನಿ ಬಂದು ನಿಂತರೆ ಸೀಲ್ ಸರಿ ಇದೆ. ಸ್ಟ್ಯಾಂಡ್ ಇಲ್ಲದೆ ಇದನ್ನು ಮಾಡಲೇಬೇಡಿ, ಅನುಭವದವರು ಜೊತೆಗಿರಲಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆಯನ್ನು ಕೈಯಿಂದ ಮುಟ್ಟಿ ಹುಡುಕಬೇಡಿ, ರಟ್ಟು ಹಿಡಿಯಿರಿ. ಎಣ್ಣೆ ಚರ್ಮದೊಳಗೆ ಹೊಕ್ಕರೆ ನೋವು ಕಡಿಮೆ ಇದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ.

ನಿಜವಾಗಿಯೂ ಸೀಲೇ ಹೋಗಿದ್ದರೆ ಬೋರ್ ಅಳೆಸಿ. ಹಳೇ ಲೋಡರ್‌ಗಳಲ್ಲಿ ಎರಡೂವರೆ ಇಂಚಿನ ಜಾಕ್ ಸಿಗುತ್ತವೆ, ಅಂದರೆ 63.5 ಮಿಲಿಮೀಟರ್. ಅದಕ್ಕೆ 63ರ ಸೀಲ್ ಹಾಕಿದರೆ ಕೂತಂತೆ ಕಾಣುತ್ತದೆ, ಎಣ್ಣೆ ತಡೆಯುವುದಿಲ್ಲ. ರಾಡ್‌ನ ಕ್ರೋಮ್ ಎದ್ದಿದ್ದರೆ ಹೊಸ ಸೀಲನ್ನು ಅದೇ ಕೊಯ್ದುಹಾಕುತ್ತದೆ.

ನಮ್ಮಲ್ಲಿಗೆ ಬರುವಾಗ ಜಾಕ್ ಜೊತೆ ವಾಲ್ವನ್ನೂ ತನ್ನಿ. ಬಕೆಟ್ ಬೆಳಿಗ್ಗೆ ಎಣ್ಣೆ ತಣ್ಣಗಿದ್ದಾಗಲೂ ಇಳಿಯುತ್ತದೋ, ಕಾದ ಮೇಲೆ ಮಾತ್ರವೋ ನೋಡಿಕೊಂಡು ಬನ್ನಿ. ವಾಲ್ವ್‌ನ ಬಾಯಿಗಳಿಗೆ ಪ್ಲಗ್ ಹಾಕಿ ತನ್ನಿ. ಹಳೇ ಬಟ್ಟೆ ತುರುಕಬೇಡಿ, ಅದರ ನೂಲು ಸ್ಪೂಲ್‌ಗೆ ಸಿಕ್ಕಿಕೊಳ್ಳುತ್ತದೆ.