ಅಂಗವಿಕಲರ ಹಕ್ಕುಗಳ ಒಡಂಬಡಿಕೆ: ನಾಲ್ಕು ತಾರೀಖು, ಒಂದು ಅಡಿಟಿಪ್ಪಣಿ

ಇಂಟರ್ನಲ್ಸ್‌ನಲ್ಲಿ ಎರಡು ಅಂಕದ ಪ್ರಶ್ನೆ ಬಂದಿತ್ತು: ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಯಾವಾಗ ಜಾರಿಗೆ ಬಂತು? ನಾನು ಧೈರ್ಯವಾಗಿ 2007ರ ಅಕ್ಟೋಬರ್ 1 ಎಂದು ಬರೆದೆ. ತಪ್ಪು. ಅದು ಭಾರತ ಅನುಮೋದಿಸಿದ ದಿನ. ಅಂಕ ಹೋದದ್ದು ಹೋಗಲಿ, ಮನೆಗೆ ಬಂದು ನೋಟ್ಸ್ ತೆಗೆದ ಮೇಲೂ ಯಾಕೆ ತಪ್ಪು ಅಂತ ಗೊತ್ತಾಗಲಿಲ್ಲ. ಅದೇ ಜಾಸ್ತಿ ಕಿರಿಕಿರಿ. ಭಾರತ ಒಪ್ಪಿಕೊಂಡ ಮೇಲೂ ಜಾರಿ ಆಗಿಲ್ಲ ಅಂದ್ರೆ ಏನು? ಈಗ ಅರ್ಥವಾಗಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಹಿಂದಿನ ಕಥೆ, ಬೇಗ ಬೇಗ

1971 ಮತ್ತು 1975ರಲ್ಲಿ ವಿಶ್ವಸಂಸ್ಥೆ ಎರಡು ಘೋಷಣೆ ಹೊರಡಿಸಿತು. 1981 ಅಂತರರಾಷ್ಟ್ರೀಯ ಅಂಗವಿಕಲರ ವರ್ಷ. 1982ರಲ್ಲಿ ವಿಶ್ವ ಕ್ರಿಯಾ ಯೋಜನೆ. ಘೋಷಣೆ ಸಾಲದು, ದೇಶಗಳನ್ನು ಕಟ್ಟಿಹಾಕುವ ಒಡಂಬಡಿಕೆಯೇ ಬೇಕು ಅಂತ 1987ರಲ್ಲಿ ಇಟಲಿ ಕೇಳಿತು, 1989ರಲ್ಲಿ ಸ್ವೀಡನ್ ಕೇಳಿತು. ಎರಡು ಸಲವೂ ಆಗಲಿಲ್ಲ. ಇರುವ ಮಾನವ ಹಕ್ಕು ಒಪ್ಪಂದಗಳಲ್ಲಿ ಅಂಗವಿಕಲರೂ ಬಂದೇ ಬರುತ್ತಾರಲ್ಲ, ಇನ್ನೊಂದು ಯಾಕೆ ಎಂಬುದು ಒಪ್ಪದವರ ಮಾತು. ಅದರ ಬದಲಿಗೆ 1993ರ ಡಿಸೆಂಬರ್ 20ರಂದು 22 ‘ಪ್ರಮಾಣಿತ ನಿಯಮ’ಗಳು ಬಂದವು. ಅವುಗಳ ಮೇಲೆ ಕಣ್ಣಿಡಲು ಬೆಂಗ್ಟ್ ಲಿಂಡ್‌ಕ್ವಿಸ್ಟ್ ಅವರನ್ನು ನೇಮಿಸಿದರು. ಸ್ವೀಡನ್‌ನಲ್ಲಿ ಮಂತ್ರಿಯಾಗಿದ್ದವರು, ಸ್ವತಃ ಅಂಧರು. ಆದರೆ ಹೆಸರು ನಿಯಮ ಎಂದಿದ್ದರೂ ಕಾನೂನಿನ ಬಲ ಇರಲಿಲ್ಲ. ಪರೀಕ್ಷೆಯಲ್ಲಿ ‘ಘೋಷಣೆ’, ‘ನಿಯಮ’ ಅಂದರೆ ಕಟ್ಟುಪಾಡಿಲ್ಲ, ‘ಒಡಂಬಡಿಕೆ’ ಅಂದರೆ ಇದೆ. ಇಷ್ಟು ನೆನಪಿದ್ದರೆ ಈ ಭಾಗ ಮುಗೀತು.

2001ರಲ್ಲಿ ಮೆಕ್ಸಿಕೊ ಮತ್ತೆ ಕೇಳಿತು, ಈ ಸಲ ಗೆದ್ದಿತು. ಕರಡು ಮಾಡಲು ಒಂದು ತಾತ್ಕಾಲಿಕ ಸಮಿತಿ ಆಯಿತು. 2002ರಿಂದ 2006ರವರೆಗೆ ಎಂಟು ಅಧಿವೇಶನ. ಮೊದಲು ಈಕ್ವೆಡಾರ್‌ನ ಲೂಯಿಸ್ ಗಾಯೆಗೋಸ್ ಅಧ್ಯಕ್ಷರು, ಆಮೇಲೆ ನ್ಯೂಜಿಲೆಂಡ್‌ನ ಡಾನ್ ಮೆಕೇ. 2004ರ ಜನವರಿಯಲ್ಲಿ ಮೊದಲ ಕರಡು ಬರೆಯಲು ಕೂತ ಗುಂಪಿನಲ್ಲಿ 40 ಕುರ್ಚಿ: 27 ಸರ್ಕಾರಗಳಿಗೆ, 12 ಸಂಘಟನೆಗಳಿಗೆ, 1 ಮಾನವ ಹಕ್ಕು ಆಯೋಗಗಳಿಗೆ. ಆ 12 ಕುರ್ಚಿಯೇ ಇಲ್ಲಿ ದೊಡ್ಡ ವಿಷಯ. ಒಪ್ಪಂದ ಬರೆಯುವಾಗ ಸಂಘಟನೆಗಳವರು ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಳ್ಳುವವರು. ಇಲ್ಲಿ ಅಂಗವಿಕಲರು ಮೇಜಿಗೇ ಬಂದು ವಾಕ್ಯ ತಿದ್ದಿದರು. ‘ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ’ ಎಂಬ ಅವರ ಘೋಷವಾಕ್ಯ ಕೊನೆಗೆ 4ನೇ ವಿಧಿಯ 3ನೇ ಖಂಡದಲ್ಲಿ ಕರ್ತವ್ಯವಾಗಿ ಕೂತಿದೆ: ಅಂಗವಿಕಲರಿಗೆ ಸಂಬಂಧಪಟ್ಟ ಕಾನೂನು ಮಾಡುವಾಗ ಅವರ ಸಂಘಟನೆಗಳನ್ನು ಕೇಳಲೇಬೇಕು.

ನಾನು ಬಿದ್ದ ಜಾಗ

ಒಪ್ಪಂದಕ್ಕೆ ನಾಲ್ಕು ಮೆಟ್ಟಿಲು: ಅಂಗೀಕಾರ, ಸಹಿ, ಅನುಮೋದನೆ, ಜಾರಿ. ಕನ್ನಡದಲ್ಲಿ ಓದುವವರಿಗೆ ಇಲ್ಲಿ ಒಂದು ಹೆಚ್ಚಿನ ಕಷ್ಟ ಇದೆ. ‘ಅಂಗೀಕಾರ’ ಮತ್ತು ‘ಅನುಮೋದನೆ’ ಎರಡೂ ನಮಗೆ ಒಂದೇ ಥರ ಕೇಳಿಸುತ್ತವೆ. ವಿಧಾನಸಭೆಯ ಸುದ್ದಿಯಲ್ಲಿ ಎರಡನ್ನೂ ಅದಲುಬದಲು ಮಾಡಿ ಬರೆಯುತ್ತಾರೆ. ಇಲ್ಲಿ ಹಾಗಲ್ಲ. ಅಂಗೀಕಾರ ಮಾಡುವುದು ವಿಶ್ವಸಂಸ್ಥೆಯ ಮಹಾಸಭೆ, ಒಂದೇ ಸಲ. ಅನುಮೋದನೆ ಮಾಡುವುದು ಒಂದೊಂದು ದೇಶ, ತನ್ನ ತನ್ನ ಕಾಲಕ್ಕೆ. ಯಾರು ಮಾಡುತ್ತಾರೆ ಅಂತ ಕೇಳಿಕೊಂಡರೆ ಗೊಂದಲ ಅರ್ಧ ಹೋಗುತ್ತದೆ.

ಉಳಿದರ್ಧ ಹೋದದ್ದು ಅಮ್ಮನ ಚೀಟಿಯಿಂದ. ಅಮ್ಮ ಬೀದಿಯವರನ್ನೆಲ್ಲ ಸೇರಿಸಿ 20 ಜನರ ಚೀಟಿ ನಡೆಸುತ್ತಾಳೆ. ಮೊದಲು ನಾಲ್ಕೈದು ಜನ ನಮ್ಮ ಜಗುಲಿಯಲ್ಲಿ ಕೂತು ಕಂತು ಎಷ್ಟು, ಯಾವ ತಾರೀಖಿಗೆ ಕೂಗು ಅಂತ ನಿಯಮ ಗೊತ್ತುಮಾಡುತ್ತಾರೆ. ಇದು ಅಂಗೀಕಾರ. ಆಮೇಲೆ ‘ನನ್ನ ಹೆಸರೂ ಬರ್ಕೊಳ್ಳಿ ಅಕ್ಕಾ’ ಅಂತ ಒಬ್ಬೊಬ್ಬರೇ ಹೆಸರು ಬರೆಸುತ್ತಾರೆ. ಇದು ಸಹಿ. ಹೆಸರು ಬರೆಸಿದವರೆಲ್ಲ ದುಡ್ಡು ಕೊಡುತ್ತಾರೆ ಅಂತೇನಿಲ್ಲ. ಮೊದಲ ಕಂತು ತಂದು ಕೈಗೆ ಕೊಟ್ಟರೆ ಅದು ಅನುಮೋದನೆ. ಆದರೆ ನೀವು ಮೊದಲ ದಿನವೇ ಕಂತು ಕೊಟ್ಟರೂ ಚೀಟಿ ಶುರುವಾಗಲ್ಲ. 20ನೆಯವರ ಕಂತು ಬರಬೇಕು. ಬಂದ ಮೇಲೆ ಕೂಗು. ಅದು ಜಾರಿ.

ಈ ಒಡಂಬಡಿಕೆಯ ನಿಯಮವೂ ಹೆಚ್ಚುಕಡಿಮೆ ಇದೇ: 20ನೇ ಅನುಮೋದನೆ ಬಂದ ಮೇಲೆ 30ನೇ ದಿನ ಜಾರಿ. ಮಹಾಸಭೆ ಅಂಗೀಕರಿಸಿದ್ದು 2006ರ ಡಿಸೆಂಬರ್ 13. ಸಹಿಗೆ ತೆರೆದದ್ದು 2007ರ ಮಾರ್ಚ್ 30. ಅವತ್ತೇ 82 ದೇಶಗಳು ಸಹಿ ಹಾಕಿದವು, ಭಾರತವೂ ಸೇರಿ. ಅವತ್ತೇ ಕಂತನ್ನೂ ಕೊಟ್ಟದ್ದು ಒಂದೇ ದೇಶ, ಜಮೈಕಾ. ಭಾರತ ಕೊಟ್ಟದ್ದು ಅಕ್ಟೋಬರ್ 1ಕ್ಕೆ. ನಾನು ಉತ್ತರವಾಗಿ ಬರೆದ ಆ ತಾರೀಖಿಗೆ ಭಾರತ ಕಂತು ಕೊಟ್ಟು 20ನೆಯವರಿಗೆ ಕಾಯುತ್ತಾ ಕೂತಿತ್ತು, ಅಷ್ಟೇ. 20ನೆಯದಾಗಿ ಈಕ್ವೆಡಾರ್ ಬಂದದ್ದು 2008ರ ಏಪ್ರಿಲ್ 3. ಅಲ್ಲಿಂದ 30 ದಿನ ಎಣಿಸಿ. ಮೇ 3. ಜಾರಿ.

ಕೊನೆಯ ಮೂರು ತಾರೀಖಿಗೆ ನಾನು ‘ಮೂರರ ಸರ’ ಅಂತ ಹೆಸರಿಟ್ಟಿದ್ದೇನೆ: 30-3, 3-4, 3-5. ಸಹಿ, 20ನೇ ದೇಶ, ಜಾರಿ. ಮೊದಲನೆಯದು 2007, ಉಳಿದೆರಡು 2008. ಈಕ್ವೆಡಾರ್ ನೆನಪಿಗೆ ಇನ್ನೊಂದು ಕೊಕ್ಕೆ: ಸಮಿತಿಯ ಮೊದಲ ಅಧ್ಯಕ್ಷರೂ ಅಲ್ಲಿಯವರೇ, 20ನೇ ಕಂತೂ ಅಲ್ಲಿಂದಲೇ. ಬಸ್ಸಲ್ಲಿ ನಿಂತುಕೊಂಡು ಹೇಳಿ ನೋಡಿ, ಎರಡು ಸ್ಟಾಪ್‌ನೊಳಗೆ ಬಾಯಿಗೆ ಬರುತ್ತದೆ.

ಚೀಟಿ ಶುರುವಾದ ಮೇಲೆ ಸೇರಿದ ದೇಶಕ್ಕೆ? ಅದು ಕಂತು ಕೊಟ್ಟ 30ನೇ ದಿನದಿಂದ ಅದಕ್ಕೆ ಅನ್ವಯ. ಹೆಸರು ಬರೆಸಿ ಕಂತು ಕೊಡದವರಿಗೆ? ಅಮೆರಿಕವೇ ಉದಾಹರಣೆ. 2009ರ ಜುಲೈ 30ರಂದು ಸಹಿ ಹಾಕಿತು. 2012ರ ಡಿಸೆಂಬರ್ 4ರಂದು ಅಲ್ಲಿನ ಸೆನೆಟ್‌ನಲ್ಲಿ ಮತ ಹಾಕಿದಾಗ ಪರ 61, ವಿರುದ್ಧ 38. ಮೂರನೇ ಎರಡರಷ್ಟು, ಅಂದರೆ 66 ಬೇಕಿತ್ತು. ಐದು ಮತಕ್ಕೆ ನಿಂತಿತು. ಹಾಗಂತ ಸಹಿ ಸುಮ್ನೆ ಅಲ್ಲ. ಒಪ್ಪಂದಗಳ ಬಗೆಗಿನ ವಿಯೆನ್ನಾ ಒಡಂಬಡಿಕೆಯ 18ನೇ ವಿಧಿ ಪ್ರಕಾರ, ಸಹಿ ಹಾಕಿದ ದೇಶ ಆ ಒಪ್ಪಂದದ ಉದ್ದೇಶಕ್ಕೇ ಕೊಡಲಿ ಹಾಕುವ ಕೆಲಸ ಮಾಡಬಾರದು.

ದೇಶದೊಳಗೆ

ಜಾರಿಯಾದ ಕೂಡಲೇ ನಮ್ಮ ಕೋರ್ಟಿನಲ್ಲಿ ಕಾನೂನಾಗಿಬಿಡುವುದಿಲ್ಲ. ಸಂಸತ್ತು ಕಾನೂನು ಮಾಡಬೇಕು, ಸಂವಿಧಾನದ 253ನೇ ವಿಧಿ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇತ್ತು. ಒಡಂಬಡಿಕೆಗೆ ತಕ್ಕಂತೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21. ಅದು ಜಾರಿಗೆ ಬಂದದ್ದು 2017ರ ಏಪ್ರಿಲ್ 19. ಅನುಮೋದನೆಯಿಂದ ಇಲ್ಲಿಗೆ ಒಂಬತ್ತೂವರೆ ವರ್ಷ. ಲೆಕ್ಕ ಹಾಕಿದಾಗ ನನಗೇ ಬೇಜಾರಾಯಿತು.

ಒಂದು ಮಾತು ಅಡ್ಡ ಬರುತ್ತಿದೆ, ಹೇಳಿಬಿಡುತ್ತೇನೆ. ಈ ಟಿಪ್ಪಣಿಯಲ್ಲಿ ‘ವಿಕಲಚೇತನ’ ಎಂದು ಬರೆದಿಲ್ಲ. ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲೇ ಆ ಪದ ಇದೆ, ಗೌರವಕ್ಕೆಂದೇ ಬಂದದ್ದು. ಆದರೆ ಬಿಡಿಸಿ ನೋಡಿ. ಅಂಗದಲ್ಲಿದ್ದ ವೈಕಲ್ಯವನ್ನು ಚೇತನಕ್ಕೇ ಅಂಟಿಸಿದಂತಾಯಿತು, ಅಲ್ವಾ? ಒಡಂಬಡಿಕೆಯ 1ನೇ ವಿಧಿ ಹೇಳುವುದು ಬೇರೆ: ದೇಹದ ಅಥವಾ ಮನಸ್ಸಿನ ಕೊರತೆಗೆ ಸುತ್ತಲಿನ ಅಡ್ಡಿ ಸೇರಿದಾಗ ಸಮಾನ ಭಾಗವಹಿಸುವಿಕೆ ತಪ್ಪುತ್ತದೆ. ಮೆಟ್ಟಿಲು ಹತ್ತಲಾಗದ್ದು ಅರ್ಧ, ಇಳಿಜಾರು ಕಟ್ಟದೆ ಇರುವುದು ಇನ್ನರ್ಧ.

12ನೇ ವಿಧಿ: ಬಂದು ಹೋದ ಅಡಿಟಿಪ್ಪಣಿ

ಒಟ್ಟು 50 ವಿಧಿ. 9 ಸುಗಮ ಪ್ರವೇಶ, 19 ಸ್ವತಂತ್ರ ಬದುಕು, 24 ಶಿಕ್ಷಣ, 27 ಉದ್ಯೋಗ. ಇವು ಓದಿದರೆ ಅರ್ಥವಾಗುತ್ತವೆ. 12 ಹಾಗಲ್ಲ. ‘ಅಂಗವಿಕಲರಿಗೆ ಎಲ್ಲರಂತೆ ಕಾನೂನು ಸಾಮರ್ಥ್ಯ ಇದೆ.’ ಸರಿ, ಇದರಲ್ಲೇನು ಕಷ್ಟ ಅಂತ ನಾನು ಮುಂದಿನ ಪುಟಕ್ಕೆ ಹೋಗಿದ್ದೆ.

ನನ್ನ ಸೋದರಮಾವನಿಗೆ ಕಣ್ಣು ಕಾಣಿಸುವುದಿಲ್ಲ. ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾದವರು. ಪಿಂಚಣಿ ಬರುವ ಬ್ಯಾಂಕಿನಲ್ಲಿ ಚೆಕ್ ಬುಕ್ ಕೇಳಿದರೆ ಕೊಡಲಿಲ್ಲ. ನಾನೂ ಜೊತೆಗಿದ್ದೆ. ಕೌಂಟರಿನವರು ಮಾವನ ಜೊತೆ ಮಾತಾಡಲೇ ಇಲ್ಲ, ನನ್ನ ಮುಖ ನೋಡಿಕೊಂಡು ಹೇಳಿದರು: ‘ಇವರದ್ದು ಜಾಯಿಂಟ್ ಅಕೌಂಟ್ ಮಾಡಿಸಿಬಿಡಿ.’ ಮಾವ ತಣ್ಣಗೆ ಕೇಳಿದರು, ‘ದುಡ್ಡು ಯಾರದ್ದು ಸಾರ್?’ ‘ನಿಮ್ಮದೇ.’ ‘ತೆಗೆಯೋದು?’ ಅವರು ಮತ್ತೆ ನನ್ನ ಮುಖ ನೋಡಿದರು.

12ನೇ ವಿಧಿಯ ಜಗಳ ಪೂರ್ತಿ ಈ ಎರಡು ಪ್ರಶ್ನೆಯಲ್ಲಿದೆ. ಹಕ್ಕು ಹೊಂದುವ ಸಾಮರ್ಥ್ಯ ಒಂದು: ದುಡ್ಡು ನಿಮ್ಮದು, ಜಮೀನು ನಿಮ್ಮ ಹೆಸರಲ್ಲಿದೆ. ಅದನ್ನು ತಾನೇ ಚಲಾಯಿಸುವ ಸಾಮರ್ಥ್ಯ ಇನ್ನೊಂದು: ಚೆಕ್‌ಗೆ ಸಹಿ, ಜಮೀನು ಮಾರಾಟ, ಮದುವೆಗೆ ಒಪ್ಪಿಗೆ. ಮೊದಲನೆಯದನ್ನು ಯಾರೂ ಬೇಡ ಅನ್ನುವುದಿಲ್ಲ. ಹಸುಗೂಸಿಗೂ ಅದು ಇದೆ. ಎರಡನೆಯದನ್ನು ಕಿತ್ತು ಪಾಲಕರ ಕೈಗೆ ಕೊಡುವುದೇ ಹಳೆಯ ಪದ್ಧತಿ.

2006ರ ಆಗಸ್ಟ್‌ನಲ್ಲಿ ಸಮಿತಿ ಒಪ್ಪಿದ ಕರಡಿನಲ್ಲಿ 12ನೇ ವಿಧಿಗೆ ಒಂದು ಅಡಿಟಿಪ್ಪಣಿ ಇತ್ತು: ಅರಬ್ಬಿ, ಚೀನಿ ಮತ್ತು ರಷ್ಯನ್ ಭಾಷೆಗಳಲ್ಲಿ ‘ಕಾನೂನು ಸಾಮರ್ಥ್ಯ’ ಎಂಬ ಪದಕ್ಕೆ ಹಕ್ಕು ಹೊಂದುವ ಸಾಮರ್ಥ್ಯ ಎಂದಷ್ಟೇ ಅರ್ಥ, ಚಲಾಯಿಸುವ ಸಾಮರ್ಥ್ಯ ಎಂದಲ್ಲ. ನಾನು ಇದನ್ನು ಮೂರು ಸಲ ಓದಿದೆ. ಒಂದೇ ಒಪ್ಪಂದ, ಆದರೆ ಮೂರು ಭಾಷೆಯಲ್ಲಿ ಅರ್ಧ ಹಕ್ಕು! ಅಂಗವಿಕಲರ ಸಂಘಟನೆಗಳು ಬಿಡಲಿಲ್ಲ. ಡಿಸೆಂಬರ್‌ನ ಅಂತಿಮ ಪಠ್ಯದಲ್ಲಿ ಆ ಟಿಪ್ಪಣಿ ಇಲ್ಲ. ಹೋಯಿತು ಅಂದುಕೊಂಡರೆ ಹಿತ್ತಲ ಬಾಗಿಲಿಂದ ಬಂತು. 12ನೇ ವಿಧಿಯನ್ನು ತಾನು ಹೇಗೆ ಅರ್ಥಮಾಡಿಕೊಳ್ಳುತ್ತೇನೆ ಅಂತ ಕೊಟ್ಟ ಹೇಳಿಕೆಯಲ್ಲಿ ಈಜಿಪ್ಟ್ ಅದನ್ನೇ ಹೇಳಿತು: ‘ಅಹ್ಲಿಯ್ಯತ್ ಅಲ್-ವುಜೂಬ್’ ಒಪ್ಪುತ್ತೇವೆ, ‘ಅಹ್ಲಿಯ್ಯತ್ ಅಲ್-ಅದಾ’ ಇಲ್ಲ. ಹೊಂದುವುದು ಸರಿ, ಚಲಾಯಿಸುವುದು ಬೇಡ.

ಒಡಂಬಡಿಕೆಯ ಮೇಲ್ವಿಚಾರಣೆಗೆ 18 ತಜ್ಞರ ಸಮಿತಿ ಇದೆ. 2014ರಲ್ಲಿ ಅದು ತನ್ನ ಮೊದಲ ಸಾಮಾನ್ಯ ವ್ಯಾಖ್ಯಾನ ಬರೆದದ್ದು ಈ ವಿಧಿಯ ಮೇಲೆಯೇ. ಎರಡೂ ಸಾಮರ್ಥ್ಯ ಸೇರಿಯೇ 12 ಎಂದಿತು. ಒಬ್ಬರ ಬದಲಿಗೆ ಇನ್ನೊಬ್ಬರು ತೀರ್ಮಾನಿಸುವುದು ನಿಲ್ಲಬೇಕು, ತೀರ್ಮಾನಕ್ಕೆ ನೆರವು ಕೊಡಬೇಕು. ನಮ್ಮ 2016ರ ಕಾಯ್ದೆ ನಡುವೆ ನಿಂತಿದೆ. ಸೆಕ್ಷನ್ 13 ಪೂರ್ತಿ ಕಾನೂನು ಸಾಮರ್ಥ್ಯ ಕೊಡುತ್ತದೆ. ಸೆಕ್ಷನ್ 14 ‘ಸೀಮಿತ ಪಾಲಕತ್ವ’ (ಗೊತ್ತಾದ ಅವಧಿಗೆ, ಗೊತ್ತಾದ ವಿಷಯಕ್ಕೆ ಮಾತ್ರ ಪಾಲಕರ ಜೊತೆ ಸೇರಿ ತೀರ್ಮಾನ) ಎಂಬ ಬಾಗಿಲನ್ನು ತೆರೆದಿಟ್ಟಿದೆ. ಹತ್ತು ಅಂಕದ ಪ್ರಶ್ನೆ ಬಂದರೆ ಈ ಎರಡು ಸೆಕ್ಷನ್ ಎದುರುಬದುರು ಇಟ್ಟು ಬರೆಯಿರಿ.

ಉಳಿದದ್ದು

ಮರಾಕೇಶ್ ಒಪ್ಪಂದ ಬೇರೆ, ಇದರ ಭಾಗ ಅಲ್ಲ. ಅದು ಅಂಧರಿಗೆ ಮತ್ತು ಮುದ್ರಿತ ಪುಸ್ತಕ ಓದಲಾಗದವರಿಗೆ ಬ್ರೈಲ್, ಆಡಿಯೊ ಪ್ರತಿ ಮಾಡಿಕೊಡಲು ಕಾಪಿರೈಟ್ ಸಡಿಲಿಸುವ ಒಪ್ಪಂದ. 2013ರ ಜೂನ್ 27ರಂದು ಅಂಗೀಕಾರ. ಮೊದಲ ಕಂತು ಕೊಟ್ಟವರು ನಾವೇ, 2014ರ ಜೂನ್ 24. ಅಲ್ಲೂ 20 ದೇಶ ಬೇಕು, ಆದರೆ ಕಾಯುವುದು ಮೂರು ತಿಂಗಳು. 2016ರ ಜೂನ್ 30ಕ್ಕೆ ಕೆನಡಾ 20ನೆಯದಾಯಿತು, ಸೆಪ್ಟೆಂಬರ್ 30ಕ್ಕೆ ಜಾರಿ. ಚೀಟಿ ಲೆಕ್ಕ ಇಲ್ಲೂ ನಡೆಯುತ್ತದೆ.

ಅಂಗವಿಕಲರ ಒಡಂಬಡಿಕೆಯ ಐಚ್ಛಿಕ ಪ್ರೋಟೋಕಾಲ್ ಅಂದರೆ ವ್ಯಕ್ತಿಯೇ ನೇರವಾಗಿ ಆ 18 ಜನರ ಸಮಿತಿಗೆ ದೂರು ಕೊಡುವ ದಾರಿ. ಭಾರತ ಅದಕ್ಕೆ ಸೇರಿಲ್ಲ. ಹಾಗಾಗಿ ಮಾವ ಆ ಸಮಿತಿ ಕೂರುವ ಜಿನೀವಾಕ್ಕೆ ಬರೆಯುವಂತಿರಲಿಲ್ಲ. ಬರೆಯುವ ಅಗತ್ಯವೂ ಬರಲಿಲ್ಲ. ಅಂಧರಿಗೆ ಚೆಕ್ ಬುಕ್, ಎಟಿಎಂ, ಲಾಕರ್ ಯಾವುದನ್ನೂ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2008ರ ಜೂನ್ 4ರಂದೇ ಸುತ್ತೋಲೆ ಕಳಿಸಿದೆ. (ಒಡಂಬಡಿಕೆ ಜಾರಿಯಾದ ಮರುತಿಂಗಳು. ಆದರೆ ಗಂಟು ಹಾಕಬೇಡಿ. ಅದರ ಬೇರು ಇರುವುದು ಅಂಗವಿಕಲರ ಮುಖ್ಯ ಆಯುಕ್ತರ 2005ರ ಆದೇಶದಲ್ಲಿ.) ಅದರ ಪ್ರಿಂಟ್ ತೆಗೆದುಕೊಂಡು ಹೋದೆವು. ಮ್ಯಾನೇಜರ್ ಎರಡು ಸಲ ಓದಿದರು, ಮಾವನಿಗೆ ಕುರ್ಚಿ ಹಾಕಿಸಿದರು, ಫಾರಂ ಕೊಟ್ಟರು. ಹದಿನೈದು ದಿನಕ್ಕೆ ಚೆಕ್ ಬುಕ್ ಮನೆಗೆ ಬಂತು. ಮಾವ ಮೊದಲ ಚೆಕ್ ಬರೆಸಿ ಸಹಿ ಹಾಕಿದ್ದು ಅಮ್ಮನ ಚೀಟಿ ಕಂತಿಗೆ. ಅಮ್ಮ ಮಾತ್ರ ತೆಗೆದುಕೊಳ್ಳಲಿಲ್ಲ. ಅವಳಿಗೆ ಕ್ಯಾಶೇ ಆಗಬೇಕಂತೆ.