ಸುಳಿ ನೋಡುವವರಿಗೆ ಕಾಣದ ಕೊಲೆಗಾರರು

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಖಿಲಾರಿ ಹೋರಿ ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿಯನ್ನೂ ನೋಡುತ್ತಾರೆ. ಹಲ್ಲಿನಿಂದ ವಯಸ್ಸು ತಿಳಿಯುತ್ತದೆ, ಸರಿ. ಸುಳಿಯಿಂದ ಮಣ್ಣೂ ತಿಳಿಯುವುದಿಲ್ಲ. ನಿಜವಾದ ಸ್ವಾರಸ್ಯ ಇರುವುದು ಹೋರಿಯ ರಕ್ತದಲ್ಲಿ. ಅಲ್ಲಿ ಎನ್‌ಕೆ ಕೋಶಗಳಿವೆ, ಅಂದರೆ ನ್ಯಾಚುರಲ್ ಕಿಲ್ಲರ್, ಕಲಿಯದೆಯೇ ಕೊಲ್ಲುವ ಬಿಳಿ ರಕ್ತಕಣಗಳು.

1975ರ ಸುಮಾರಿಗೆ ಸ್ವೀಡನ್ನಿನಲ್ಲಿ ರೋಲ್ಫ್ ಕೀಸ್ಲಿಂಗ್ ತಂಡ, ಅಮೆರಿಕದಲ್ಲಿ ರೊನಾಲ್ಡ್ ಹರ್ಬರ್‌ಮನ್ ತಂಡ ಇವನ್ನು ಬೇರೆ ಬೇರೆಯಾಗಿ ಕಂಡವು. ಇಲಿಗೆ ಮೊದಲೇ ಏನೂ ಚುಚ್ಚಿರಲಿಲ್ಲ. ಆದರೂ ಅದರ ಗುಲ್ಮದ ಕೋಶಗಳು ಕ್ಯಾನ್ಸರ್ ಕೋಶಗಳನ್ನು ಕೊಂದವು!

ಕಲಿಯದೆ ಕೊಲ್ಲುವುದು ಹೇಗೆ? ಉತ್ತರದ ದಾರಿ ತೋರಿಸಿದವರು ಸ್ವೀಡನ್ನಿನವರೇ ಆದ ಕ್ಲಾಸ್ ಕಾರೆ, 1980ರ ದಶಕದಲ್ಲಿ. ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಇಬ್ಬರು ಕಾವಲುಗಾರರು ಇದ್ದಾರೆ ಅಂದುಕೊಳ್ಳಿ. ಮೊದಲಿನವನು ಟ್ರ್ಯಾಕ್ಟರಿನ ಚೀಟಿ ಓದಿ ಕಳ್ಳ ಕಬ್ಬು ಹಿಡಿಯುತ್ತಾನೆ. ಅವನು ಟಿ ಕೋಶ, ಕಲಿತು ಗುರುತಿಸುವ ಇನ್ನೊಂದು ಬಗೆಯ ಬಿಳಿ ರಕ್ತಕಣ. ಜಾಣ ಕಳ್ಳ ಚೀಟಿಯನ್ನೇ ಬಿಸಾಕುತ್ತಾನೆ. ಎರಡನೆಯವನು ಓದುವುದೇ ಇಲ್ಲ, ಚೀಟಿ ಇದೆಯೋ ಇಲ್ಲವೋ ಅಷ್ಟೇ ನೋಡುತ್ತಾನೆ. ಅವನೇ ಎನ್‌ಕೆ. ಚೀಟಿ ಅಂದರೆ ನಮ್ಮ ಕೋಶಗಳು ಮೈಮೇಲೆ ತೋರಿಸುವ ಎಂಎಚ್‌ಸಿ ಎಂಬ ಪ್ರೋಟೀನು. ಎಷ್ಟೋ ವೈರಸ್‌ಗಳು, ಕ್ಯಾನ್ಸರ್‌ಗಳು ಟಿ ಕೋಶದ ಕಣ್ಣು ತಪ್ಪಿಸಲು ಅದನ್ನು ಮರೆಮಾಡುತ್ತವೆ, ಹಾಗೆ ಮಾಡಿ ಎನ್‌ಕೆ ಕೈಗೆ ಸಿಕ್ಕಿಬೀಳುತ್ತವೆ. ಚೀಟಿ ಇಲ್ಲ ಅಂದಮಾತ್ರಕ್ಕೆ ಸಾಯಿಸುವುದಿಲ್ಲ, ಕೋಶ ಸಂಕಟದಲ್ಲಿರುವ ಸುಳಿವೂ ಬೇಕು. ನಮ್ಮ ಕೆಂಪು ರಕ್ತಕಣಗಳ ಮೇಲೆ ಈ ಚೀಟಿ ಇಲ್ಲವೆನ್ನುವಷ್ಟು ಕಡಿಮೆ, ಆದರೂ ಹಾಯಾಗಿವೆ ಅಲ್ವಾ?

ಕೊಲ್ಲುವ ಕ್ರಮ ಸರಳ. ಎನ್‌ಕೆ ಬಿಡುವ ಪರ್ಫೋರಿನ್ ಎಂಬ ಪ್ರೋಟೀನು ದಾರಿ ಮಾಡಿಕೊಡುತ್ತದೆ, ಗ್ರಾಂಜೈಮ್ ಎಂಬ ಇನ್ನೊಂದು ಒಳಹೊಕ್ಕು ಕೋಶವೇ ತನ್ನನ್ನು ಕೊಂದುಕೊಳ್ಳುವಂತೆ ಮಾಡುತ್ತದೆ.

ವಿಚಿತ್ರ ಮುಂದಿದೆ. ಚೀಟಿ ನೋಡುವ ಕಣ್ಣು ಪ್ರಾಣಿಯಿಂದ ಪ್ರಾಣಿಗೆ ಬೇರೆ. ಮನುಷ್ಯರಲ್ಲಿ ಆ ಕೆಲಸ ಕೆಐಆರ್ ಪ್ರೋಟೀನುಗಳದು. ಇಲಿಯಲ್ಲಿ ಎಲ್‌ವೈ49. ಎರಡೂ ಪೂರ್ತಿ ಬೇರೆ ಮನೆತನದವು, ಆದರೂ ಮಾಡುವುದು ಒಂದೇ ಕೆಲಸ. ಕುದುರೆ ಇಲಿಯ ಹಾಗೆ ಎಲ್‌ವೈ49 ಬೆಳೆಸಿಕೊಂಡಿದೆ. ದನಗಳಲ್ಲಿ ನಮ್ಮ ಹಾಗೆ ಕೆಐಆರ್ ಜೀನುಗಳೇ ಜಾಸ್ತಿ, ಆದರೆ ಅವು ನಮ್ಮಿಂದ ಬಂದದ್ದಲ್ಲ, ಸ್ವಂತವಾಗಿ ಹೆಚ್ಚಿಸಿಕೊಂಡದ್ದು.

ಎಂಎಚ್‌ಸಿಯೇ ಇಲ್ಲದ ಎರೆಹುಳುವಿನ ಕೋಶಗಳೂ ಪ್ರಯೋಗಾಲಯದಲ್ಲಿ ಕೆ562 ಎಂಬ ಮನುಷ್ಯರ ರಕ್ತ ಕ್ಯಾನ್ಸರ್ ಕೋಶಗಳನ್ನು ಕೊಂದಿವೆ. ಇದನ್ನು ಕೇಳಿ ಯಾರಾದರೂ ಎರೆಹುಳು ಪುಡಿ ಮಾರಲು ಬಂದರೆ ಸುಮ್ನೆ ದುಡ್ಡು ಕಳೆಯಬೇಡಿ. ಕೊಂದದ್ದು ಹುಳುವಿನ ಜೀವಂತ ಕೋಶ. ಒಣಗಿಸಿ ಅರೆದದ್ದು ನಿಮ್ಮ ಹೊಟ್ಟೆಯಲ್ಲಿ ಬೇಳೆಯ ಹಾಗೇ ಜೀರ್ಣವಾಗುತ್ತದೆ.