ಕ್ಯಾಲ್ಕ್ಸ್: ತಕ್ಕಡಿ ಎರಡಾಗಿ ಸೀಳಿದ ಪದ

ಮೂತ್ರಪಿಂಡದಲ್ಲಿ ಕಲ್ಲಿರುವವರ ಸ್ಕ್ಯಾನಿಂಗ್ ವರದಿಯಲ್ಲಿ ‘ರೀನಲ್ ಕ್ಯಾಲ್ಕುಲಸ್’ ಎಂದು ಬರೆದಿರುತ್ತದೆ. ಲ್ಯಾಟಿನ್ನಿನಲ್ಲಿ ಕ್ಯಾಲ್ಕುಲಸ್ ಎಂದರೆ ಹರಳುಕಲ್ಲು. ರೋಮನ್ನರು ಲೆಕ್ಕಕ್ಕೆ ಹರಳುಗಳನ್ನೇ ಬಳಸುತ್ತಿದ್ದುದರಿಂದ ಗಣಿತದ ಕ್ಯಾಲ್ಕುಲಸ್ಸಿಗೂ ಅದೇ ಹೆಸರು ಬಂತು. ಇದರ ತಾಯಿಪದ ‘ಕ್ಯಾಲ್ಕ್ಸ್’, ಅಂದರೆ ಸುಣ್ಣ. ಲ್ಯಾಟಿನ್ನಿನಲ್ಲಿ ಹಿಮ್ಮಡಿಗೂ ಕ್ಯಾಲ್ಕ್ಸ್ ಎನ್ನುತ್ತಾರೆ, ಹಿಮ್ಮಡಿಯ ಮೂಳೆಗೆ ಕ್ಯಾಲ್ಕೇನಿಯಸ್ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಆದರೆ ಅದು ಉಚ್ಚಾರದಲ್ಲಷ್ಟೇ ಇದರ ಜೋಡಿ, ಹುಟ್ಟಿನಲ್ಲಿ ಬೇರೆಯ ಪದ. ಇಂದು ಅಪರೂಪವಾಗಿರುವ ಸುಣ್ಣದ ಕ್ಯಾಲ್ಕ್ಸ್, 18ನೆಯ ಶತಮಾನದವರೆಗೂ ಯೂರೋಪಿನ ವೈದ್ಯರಿಗೂ ಲೋಹಶಾಸ್ತ್ರಜ್ಞರಿಗೂ ದಿನಬಳಕೆಯ ಮಾತಾಗಿತ್ತು.

ಬೆಂಕಿಯಲ್ಲಿ ಚೆನ್ನಾಗಿ ಬೆಂದ ಮೇಲೆ ಉಳಿಯುವ ಪುಡಿಯನ್ನು ಅವರು ಕ್ಯಾಲ್ಕ್ಸ್ ಎಂದರು. ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಸುಟ್ಟರೆ ಸಿಗುವುದೂ ಕ್ಯಾಲ್ಕ್ಸ್. ತವರ, ಸೀಸ, ಸತುವನ್ನು ಗಾಳಿಯಲ್ಲಿ ಕಾಯಿಸಿದಾಗ ಮೇಲೆ ಕಟ್ಟುವುದೂ ಕ್ಯಾಲ್ಕ್ಸ್. ನಮ್ಮ ‘ಭಸ್ಮ’ವೂ ಹೀಗೆಯೇ ಎರಡನ್ನೂ ಒಳಗೊಂಡ ಪದ: ಶಂಖವನ್ನು ಸುಟ್ಟರೆ ಶಂಖಭಸ್ಮ, ಸತುವನ್ನು ಸುಟ್ಟರೆ ಯಶದಭಸ್ಮ. ಕಣ್ಣಿಗೆ ಎರಡೂ ಬಿಳಿಯ ಪುಡಿ. ತಕ್ಕಡಿಗೆ ಹಾಗಲ್ಲ. 100 ಗ್ರಾಂ ಶುದ್ಧ ಸುಣ್ಣದ ಕಲ್ಲನ್ನು ಪೂರ್ತಿ ಸುಟ್ಟರೆ ಉಳಿಯುವುದು 56 ಗ್ರಾಂ. 100 ಗ್ರಾಂ ಸತುವನ್ನು ಪೂರ್ತಿ ಸುಟ್ಟರೆ ಸಿಗುವುದು ಸುಮಾರು 124 ಗ್ರಾಂ. ಒಂದು ಹಗುರಾಗುತ್ತದೆ, ಇನ್ನೊಂದು ಭಾರವಾಗುತ್ತದೆ. ಒಂದಕ್ಕೊಂದು ತದ್ವಿರುದ್ಧವಾದ ಎರಡು ಕ್ರಿಯೆಗಳು ಶತಮಾನಗಳ ಕಾಲ ಒಂದೇ ಹೆಸರಿನ ಕೆಳಗೆ ಸದ್ದಿಲ್ಲದೆ ಕುಳಿತಿದ್ದವು.

ಈ ಗಂಟು ಬಿಚ್ಚಲು ಆರಂಭವಾದದ್ದು ಕಲ್ಲಿನ ರೋಗದಿಂದಲೇ ಎಂಬುದು ನನಗೆ ಈ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗ. ಮೂತ್ರದ ಕಲ್ಲನ್ನು ಕರಗಿಸುವುದೆಂದು ಹೆಸರಾಗಿದ್ದ ಜೊವಾನಾ ಸ್ಟೀಫನ್ಸ್ ಎಂಬಾಕೆಯ ಔಷಧದ ಗುಟ್ಟನ್ನು ಬಹಿರಂಗಪಡಿಸಲು 1739ರಲ್ಲಿ ಬ್ರಿಟಿಷ್ ಸಂಸತ್ತು 5,000 ಪೌಂಡು ಮಂಜೂರು ಮಾಡಿತು. ನೋಡಿದರೆ ಅದರಲ್ಲಿದ್ದದ್ದು ಸುಟ್ಟ ಮೊಟ್ಟೆಯ ಸಿಪ್ಪೆ, ಸುಟ್ಟ ಬಸವನಹುಳು, ಸೋಪು ಮತ್ತು ಒಂದಷ್ಟು ಗಿಡಮೂಲಿಕೆ; ಕ್ಯಾಲ್ಕುಲಸ್ಸಿಗೆ ಕ್ಯಾಲ್ಕ್ಸೇ ಮದ್ದು! ಆದರೆ ಸುಟ್ಟ ಸುಣ್ಣ ದೇಹದ ಒಳಭಾಗವನ್ನು ತಿನ್ನುವಷ್ಟು ತೀಕ್ಷ್ಣ. ಅದಕ್ಕಿಂತ ಸೌಮ್ಯವಾದುದನ್ನು ಹುಡುಕಲು ಹೊರಟ ಎಡಿನ್‌ಬರೊದ ವೈದ್ಯವಿದ್ಯಾರ್ಥಿ ಜೋಸೆಫ್ ಬ್ಲ್ಯಾಕ್, ಪ್ರತಿ ಹಂತದಲ್ಲೂ ತೂಗಿ ನೋಡುತ್ತ ಹೋದ. ಸುಣ್ಣದ ಕಲ್ಲು ಸುಡುವಾಗ ಅದರಲ್ಲಿ ಅಡಗಿದ್ದ ಒಂದು ಅನಿಲ ಹೊರಟುಹೋಗುತ್ತದೆ, ತೂಕ ಇಳಿಯುವುದು ಆದ್ದರಿಂದಲೇ ಎಂದು 1756ರಲ್ಲಿ ಪ್ರಕಟಿಸಿದ. ನಾವು ಇಂಗಾಲದ ಡೈಆಕ್ಸೈಡ್ ಎನ್ನುವುದು ಅದನ್ನೇ.

ಕರಾವಳಿಯ ಸುಣ್ಣದ ಗೂಡಿನಿಂದ ಬಂದ ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡರೆ ಬ್ಲ್ಯಾಕ್ ಕಂಡದ್ದು ಅರ್ಥವಾಗುತ್ತದೆ. ಗೀರು, ಅಂಚು, ಆಕಾರ ಬಹುಮಟ್ಟಿಗೆ ಹಾಗೆಯೇ ಇದ್ದರೂ ಚಿಪ್ಪು ಟೊಳ್ಳೆನ್ನುವಷ್ಟು ಹಗುರ. ಕೆಳಗಿಟ್ಟು ನೀರು ಚಿಮುಕಿಸಿದರೆ ಚುಂಯ್ ಎಂದು ಹಬೆಯೆದ್ದು, ಬಿರಿದು, ಉಬ್ಬಿ, ನೋಡುತ್ತಿದ್ದಂತೆ ಅರಳಿ ಪುಡಿಯಾಗುತ್ತದೆ.

ಲೋಹದ ಕ್ಯಾಲ್ಕ್ಸಿನ ಒಗಟು ಇನ್ನೂ ಕಠಿಣವಾಗಿತ್ತು. ಉರಿಯುವಾಗ ‘ಫ್ಲೋಜಿಸ್ಟನ್’ ಎಂಬ ಸತ್ವ ಲೋಹದಿಂದ ಹೊರಹೋಗುತ್ತದೆ ಎಂದು ಆಗಿನವರು ನಂಬಿದ್ದರು. ಹೊರಹೋದ ಮೇಲೆ ತೂಕ ಏರುವುದು ಹೇಗೆ? ಪ್ಯಾರಿಸ್ಸಿನಲ್ಲಿ ರಸಾಯನಶಾಸ್ತ್ರಜ್ಞ ಲವಾಜಿಯೆ 4 ಔನ್ಸ್ ಪಾದರಸವನ್ನು, ಅಳತೆ ಮಾಡಿದ ಗಾಳಿಯ ಸಂಪರ್ಕದಲ್ಲಿಟ್ಟು 12 ದಿನ ಹಗಲೂ ರಾತ್ರಿ ಕಾಯಿಸಿದ. ಎರಡನೆಯ ದಿನ ಪಾದರಸದ ಮೇಲೆ ಕೆಂಪು ಕಣಗಳು ಕಾಣಿಸಿಕೊಂಡವು. ಕೊನೆಗೆ ಕೂಡಿಸಿದ 45 ಗ್ರೇನ್ (ತೂಕದ ಒಂದು ಹಳೆಯ ಸಣ್ಣ ಅಳತೆ) ಕೆಂಪು ಕ್ಯಾಲ್ಕ್ಸನ್ನು ಇನ್ನೂ ಬಿಸಿಮಾಡಿದಾಗ 41.5 ಗ್ರೇನ್ ಪಾದರಸ ಮರಳಿ ಬಂತು, ಜೊತೆಗೆ ಏಳೆಂಟು ಘನ ಅಂಗುಲದಷ್ಟು ಒಂದು ಅನಿಲ. ದೀಪ ಅದರಲ್ಲಿ ಪ್ರಖರವಾಗಿ ಉರಿಯಿತು. ಲೋಹ ಏನನ್ನೂ ಕಳೆದುಕೊಂಡಿರಲಿಲ್ಲ, ಗಾಳಿಯಿಂದ ಆಮ್ಲಜನಕವನ್ನು ಪಡೆದುಕೊಂಡಿತ್ತು.

ಹೀಗೆ ಪದವನ್ನು ಒಡೆಯಲೇಬೇಕಾಯಿತು. 1787ರಲ್ಲಿ ಗಿಟಾನ್ ದ ಮೊರ್ವೊ, ಲವಾಜಿಯೆ, ಬರ್ತೊಲೆ, ಫೂರ್‌ಕ್ರ್ವಾ ಸೇರಿ ರೂಪಿಸಿದ ಹೊಸ ನಾಮಕರಣದಲ್ಲಿ ಲೋಹದ ಕ್ಯಾಲ್ಕ್ಸುಗಳೆಲ್ಲ ‘ಆಕ್ಸೈಡ್’ಗಳಾದವು. ಸುಣ್ಣದ ಪಾಲಿಗೆ ಹಳೆಯ ಹೆಸರಿನ ಬೇರು ಉಳಿಯಿತು: 1808ರಲ್ಲಿ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಸುಣ್ಣದಿಂದ ಬೇರ್ಪಡಿಸಿದ ಲೋಹಕ್ಕೆ ಕ್ಯಾಲ್ಸಿಯಂ ಎಂದು ಹೆಸರಿಟ್ಟ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಅವುಗಳಲ್ಲಿರುವುದು ಏನೆಂದು ತಿಳಿಯುವ ಎಷ್ಟೋ ಮೊದಲೇ ಅವುಗಳಿಗೆ ಸುಣ್ಣದ ಮನೆತನದ ಹೆಸರು ಸಿಕ್ಕಿತ್ತು.

ಅದೇ ಕಲ್ಲನ್ನು ತೆಗೆಸಲು ರೋಗಿ ಇಂದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದಾಗ ಅರಿವಳಿಕೆ ಯಂತ್ರದ ಡಬ್ಬಿಯೊಂದರಲ್ಲಿ ಬಿಳಿಯ ಹರಳುಗಳು ಕಾಣುತ್ತವೆ. ಅದು ಸೋಡಾಲೈಮ್, ಬಹುಪಾಲು ಅರಳಿಸಿದ ಸುಣ್ಣವೇ. ರೋಗಿ ಬಿಟ್ಟ ಉಸಿರು ಅದರ ಮೂಲಕ ಹಾಯುವಾಗ ಇಂಗಾಲದ ಡೈಆಕ್ಸೈಡನ್ನು ಸುಣ್ಣ ಹೀರಿಕೊಳ್ಳುತ್ತದೆ; ಗೂಡಿನ ಬೆಂಕಿಯಲ್ಲಿ ಕಳೆದುಕೊಂಡದ್ದನ್ನು ಹೀಗೆ ಮರಳಿ ಪಡೆದು, ಸೂಚಕ ಬಣ್ಣ ಬೆರೆಸಿದ್ದರೆ ಮೆಲ್ಲಗೆ ನೇರಳೆಗೆ ತಿರುಗುತ್ತ, ಮತ್ತೆ ಸುಣ್ಣದ ಕಲ್ಲಾಗುತ್ತದೆ.